ಟೊಮೇಟೊ ರೇಟು ಯಾವತ್ತೂ 60

ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಆಟದಲ್ಲಿ ಒಂದು ಸಾಧಾರಣ ಟೊಮೇಟೊ ಹಣ್ಣಿನ ಬೆಲೆ 60 ಚಿನ್ನದ ಕಾಸು. ಇವತ್ತು ಮಾರಿದರೂ 60, ಆಟದೊಳಗಿನ ಹತ್ತು ವರ್ಷ ಕಳೆದು ಮಾರಿದರೂ 60. ಹೊಲದ ತುಂಬಾ ಬರೀ ಟೊಮೇಟೊ ಹಾಕಿ ಹಣ್ಣು ಸುರಿದರೂ ರೇಟು ಬೀಳುವುದಿಲ್ಲ. ಗೊಬ್ಬರ ಹಾಕಿ ಚೆನ್ನಾಗಿ ಬೆಳೆದು ಹಣ್ಣಿಗೆ ನಕ್ಷತ್ರ ಬಿದ್ದರೆ ಸ್ವಲ್ಪ ಜಾಸ್ತಿ ಸಿಗುತ್ತದೆ. ಕಡಿಮೆ ಅನ್ನೋ ಮಾತೇ ಇಲ್ಲ.

ನಾನು ಹುಟ್ಟಿದ್ದು ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಟೊಮೇಟೊ ರೇಟು ಅಂದರೆ ನಮ್ಮ ಮನೆಗಳಲ್ಲಿ ಏನು ಅಂತ ಆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತು. ದೇಶವೆಲ್ಲ ಅದೇ ಮಾತು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು, ಆಗ ಮಾತಾಡಿದವರು ಬೆಳೆದವರು ಮಾತ್ರ. ಅಂಥ ಊರಿಂದ ಬಂದು, ಬೆಂಗಳೂರಿನಲ್ಲಿ ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ದುಡಿದು, ರಾತ್ರಿ ಊಟ ಆದಮೇಲೆ ಮತ್ತದೇ ಕುರ್ಚಿಯಲ್ಲಿ ಕೂತು ಸುಳ್ಳು ಟೊಮೇಟೊ ಗಿಡಕ್ಕೆ ನೀರು ಹಾಕುತ್ತೇನೆ ಅಂದರೆ ನಗುವವರು ನಗಲಿ. ನನಗೆ ಆ 60 ಕಾಸು ಬೇಕು.

ಈ ಬಗೆಯ ಆಟಗಳಿಗೆ ಕೋಜಿ ಗೇಮ್ ಅಂತಾರೆ. ಬಂದೂಕಿಲ್ಲ, ರೇಸಿಲ್ಲ, ಸೋಲು ಅನ್ನೋದೂ ಹೆಚ್ಚುಕಡಿಮೆ ಇಲ್ಲ. ಒಂದು ಪುಟ್ಟ ಊರು, ಒಂದು ಮನೆ, ಮಾಡೋದಕ್ಕೆ ಸಣ್ಣಪುಟ್ಟ ಕೆಲಸ, ಮಾತಾಡಿಸೋದಕ್ಕೆ ಒಂದಷ್ಟು ಜನ. (ಸ್ಟಾರ್‌ಡ್ಯೂನಲ್ಲಿ ಗಣಿಗೆ ಇಳಿದರೆ ಕತ್ತಿ ಬೀಸಬೇಕಾಗುತ್ತದೆ, ಅದು ಬೇರೆ ಕಥೆ.) ಇದರ ಮೂಲಪುರುಷರ ಹಿನ್ನೆಲೆ ನೋಡಿದರೆ ನನಗೆ ತುಂಬಾ ಹತ್ತಿರದವರು ಅನಿಸುತ್ತಾರೆ. ಹಾರ್ವೆಸ್ಟ್ ಮೂನ್ ಅನ್ನೋ ಬೇಸಾಯದ ಆಟ ಜಪಾನಿನಲ್ಲಿ ಬಂದಿದ್ದು 1996ರಲ್ಲಿ. ಅದನ್ನು ಮಾಡಿದ ಯಸುಹಿರೊ ವಾಡಾ ಹಳ್ಳಿಗಾಡಿನಲ್ಲಿ ಬೆಳೆದು ಕೆಲಸಕ್ಕೆ ಅಂತ ಟೋಕಿಯೊಗೆ ಬಂದವರು, ಊರು ಬಿಟ್ಟಮೇಲೆ ಊರಿನ ಬೆಲೆ ಗೊತ್ತಾದವರು. ಅನಿಮಲ್ ಕ್ರಾಸಿಂಗ್ ಕಟ್ಟಿದ ಕತ್ಸುಯಾ ಎಗುಚಿ ಚಿಬಾದಿಂದ ಕ್ಯೋಟೊಗೆ ಬಂದು ನಿಂಟೆಂಡೊ ಅನ್ನೋ ಆಟದ ಕಂಪನಿ ಸೇರಿದವರು. ಮನೆಯವರು, ಗೆಳೆಯರು ಯಾರೂ ಪಕ್ಕದಲ್ಲಿಲ್ಲದ ಆ ಒಂಟಿತನದಿಂದಲೇ 2001ರಲ್ಲಿ ಆ ಆಟ ಬಂತು. ಎರಿಕ್ ಬರೋನ್ ಕಥೆ ಇನ್ನೂ ಚೆನ್ನಾಗಿದೆ. ಕಂಪ್ಯೂಟರ್ ಸೈನ್ಸ್ ಓದಿ ಕೆಲಸ ಸಿಗದೆ, ಕೈ ಪಳಗಲಿ ಅಂತ ಮನೆಯಲ್ಲಿ ಕೂತು ಶುರು ಮಾಡಿದ್ದು ಸ್ಟಾರ್‌ಡ್ಯೂ. ಕೋಡು, ಚಿತ್ರ, ಸಂಗೀತ, ಮಾತು ಎಲ್ಲಾ ಒಬ್ಬರೇ. ನಾಲ್ಕು ವರ್ಷಕ್ಕೂ ಜಾಸ್ತಿ ಹಿಡಿಯಿತು. ನಡುವೆ ಖರ್ಚಿಗೆ ಥಿಯೇಟರೊಂದರಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ. 2016ರ ಫೆಬ್ರವರಿಯಲ್ಲಿ ಆಟ ಹೊರಗೆ ಬಂತು. 2024ರ ಕೊನೆಗೆ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು.

ಆಟ ಶುರುವಾಗೋದು ಒಂದು ಆಫೀಸಿನಲ್ಲಿ. ಜೋಜಾ ಅನ್ನೋ ದೊಡ್ಡ ಕಂಪನಿ, ಸಾಲು ಸಾಲು ಮೇಜು, ತಲೆ ಬಗ್ಗಿಸಿ ಕೆಲಸ ಮಾಡೋ ಜನ. ನೀವು ಡ್ರಾಯರ್ ಎಳೆದು ತಾತ ಬಿಟ್ಟುಹೋದ ಕಾಗದ ತೆಗೆಯುತ್ತೀರಿ. ಅದರಲ್ಲಿ ನಿಮ್ಮ ಹೆಸರಿಗೆ ಒಂದು ಪಾಳು ಬಿದ್ದ ತೋಟ. ಬಸ್ಸು ಹತ್ತಿ ಬರುತ್ತೀರಿ. ತೋಟದ ತುಂಬಾ ಕಲ್ಲು, ಕಳೆ, ಮರದ ಬೊಡ್ಡೆ. ಊರಿನ ಯಜಮಾನರು ಪಾರ್ಸ್ನಿಪ್ ಅನ್ನೋ ಗೆಡ್ಡೆಯ 15 ಬೀಜ ಕೊಟ್ಟಿರುತ್ತಾರೆ. ಗುದ್ದಲಿಯಲ್ಲಿ ನೆಲ ಕೆದಕಿ, ಬೀಜ ಹಾಕಿ, ಕ್ಯಾನಿನಿಂದ ನೀರು ಹಾಕಿದರೆ ಆ ಚೌಕದ ಮಣ್ಣು ಕಪ್ಪಗಾಗುತ್ತದೆ. ಒಂದು ಚೌಕಕ್ಕೆ ಒಂದು ಸಲ. ಟಪ್, ಮುಂದಿನ ಚೌಕ. ಟಪ್, ಮುಂದಿನದು. ನಾಲ್ಕು ದಿನಕ್ಕೆ ಬೆಳೆ ಕೈಗೆ. 20 ಕಾಸಿನ ಬೀಜ, 35 ಕಾಸಿನ ಗೆಡ್ಡೆ. ಮೊದಲ ಸಲ ಕಿತ್ತಾಗ ಆಗುವ ಖುಷಿ ಇದೆಯಲ್ಲ, ಅದಕ್ಕೆ ಯಾವ ಕಾರಣವೂ ಬೇಕಾಗಿಲ್ಲ.

ಹೋದ ಸಲ ಚಿಕ್ಕಪ್ಪ ಏನೋ ಆಸ್ಪತ್ರೆ ಕೆಲಸಕ್ಕೆ ಅಂತ ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ಅವರದು ಟೊಮೇಟೊ, ಒಂದಿಷ್ಟು ಕ್ಯಾಪ್ಸಿಕಂ. ರಾತ್ರಿ ನಾನು ಆಡುವಾಗ ಹಿಂದೆ ಬಂದು ನಿಂತರು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಶುರುವಾಯಿತು.

"ಏನಮ್ಮ, ಇದಕ್ಕೆ ಔಷಧಿ ಹೊಡೆಯೋದೇ ಇಲ್ವಾ?"

"ಇಲ್ಲ ಚಿಕ್ಕಪ್ಪ, ರೋಗ ಬರಲ್ಲ."

"ಎಲೆ ಮುದುರೋದು?"

"ಅದೂ ಇಲ್ಲ. ಕಾಗೆ ಬರುತ್ತೆ, ಬೆರ್ಚಪ್ಪ ನಿಲ್ಲಿಸಿದ್ರೆ ಆಯ್ತು."

"ಮಂಡಿಗೆ ಯಾರು ಹೊಡ್ಕೊಂಡು ಹೋಗೋದು?"

ಮನೆ ಪಕ್ಕದಲ್ಲಿರುವ ಮರದ ಪೆಟ್ಟಿಗೆ ತೋರಿಸಿದೆ. ಹಣ್ಣು ಇದರೊಳಗೆ ಹಾಕಿ ಮಲಗಿದರೆ ರಾತ್ರಿ ಊರ ಯಜಮಾನರೇ ಬಂದು ಒಯ್ಯುತ್ತಾರೆ, ಬೆಳಗ್ಗೆ ಏಳೋ ಹೊತ್ತಿಗೆ ದುಡ್ಡು ಬಂದಿರುತ್ತದೆ ಅಂದೆ. ಕಮಿಷನ್ ಎಷ್ಟು ಅಂತ ಕೇಳಿದರು. ಇಲ್ಲ ಅಂದೆ. ಲಾರಿ ಬಾಡಿಗೆ? ಇಲ್ಲ. ಟಿವಿ ಹಾಕಿ ಹವಾಮಾನ ತೋರಿಸಿದೆ. ನಾಳೆ ಮಳೆ ಅಂತ ಬಂತು. ನಾಳೆ ಮಳೆ ಅಂದರೆ ಇಲ್ಲಿ ನಾಳೆ ಮಳೆಯೇ, ಅವತ್ತು ಗಿಡಕ್ಕೆ ನೀರು ಹಾಕಬೇಕಾಗಿಲ್ಲ. ಚಿಕ್ಕಪ್ಪ ಒಂದು ಸಲ ನಕ್ಕು, "ಅಂಥ ಯಜಮಾನರನ್ನ ನಮ್ಮೂರಿಗೂ ಒಬ್ಬರನ್ನ ಕಳಿಸು" ಅಂದು ಮಲಗೋದಕ್ಕೆ ಹೋದರು. ಬೆಳಗ್ಗೆ ಕಾಫಿ ಕುಡಿಯುತ್ತಾ, "ಮಳೆ ಬಂತಾ?" ಅಂತ ಕೇಳಿದರು. ನನಗೆ ಒಂದು ಕ್ಷಣ ಯಾವ ಮಳೆ ಅಂತ ಹೊಳೆಯಲೇ ಇಲ್ಲ.

ಈ ಆಟಗಳನ್ನು ಪಲಾಯನ ಅನ್ನುವವರಿದ್ದಾರೆ. ಬೇಸಾಯ ಅಂದರೆ ಏನು ಅಂತ ಗೊತ್ತಿಲ್ಲದ ಪಟ್ಟಣದವರ ಹಗಲುಗನಸು ಅಂತ. ಇರಬಹುದು. ಆದರೆ ಬೇಸಾಯ ಗೊತ್ತಿರುವ ನನಗೂ ಇದು ಹಿಡಿಸುತ್ತದೆ, ಗೊತ್ತಿರೋದಕ್ಕೇ ಇನ್ನೂ ಜಾಸ್ತಿ ಹಿಡಿಸುತ್ತದೆ. ಹಳ್ಳಿಯ ಹಸಿರು, ಕೋಳಿ, ಹಸು ಇವೆಲ್ಲ ಸುಮ್ನೆ ಅಲಂಕಾರ. ದುಡಿದದ್ದಕ್ಕೆ ಹೇಳಿದಷ್ಟು ಕೂಲಿ ಹೇಳಿದ ದಿನ ಸಿಗುತ್ತದೆ ಅನ್ನೋದೇ ಇಲ್ಲಿರುವ ಸುಖ. ಹೊಲದಲ್ಲಿ ಅದು ಸಿಗುವುದಿಲ್ಲ. ಆಫೀಸಿನಲ್ಲೂ ಸಿಗುವುದಿಲ್ಲ, ಅಲ್ಲಿ ಆರು ತಿಂಗಳು ಮಾಡಿದ ಪ್ರಾಜೆಕ್ಟನ್ನು ಒಂದು ಮೀಟಿಂಗಿನಲ್ಲಿ ಮುಚ್ಚಿ ಹಾಕುತ್ತಾರೆ, ಅಪ್ರೈಸಲ್ ಅನ್ನೋದು ಮಂಡಿಯ ಹರಾಜಿಗಿಂತ ಏನೂ ಸ್ಪಷ್ಟ ಇರಲ್ಲ.

ತೊಂದರೆ ಶುರುವಾಗುವುದೂ ಇಲ್ಲಿಂದಲೇ.

ರೇಟು ಗಟ್ಟಿಯಾಗಿದ್ದರೆ ಲೆಕ್ಕ ಹಾಕಬಹುದು. ಲೆಕ್ಕ ಹಾಕೋದಕ್ಕೆ ಬಂದರೆ ಹಾಕದೆ ಬಿಡೋದಕ್ಕೆ ಆಗುವುದಿಲ್ಲ. ಟೊಮೇಟೊವನ್ನೇ ತಗೊಳ್ಳಿ. ಬೀಜಕ್ಕೆ 50. ಬೇಸಿಗೆಯ ಮೊದಲ ದಿನ ಹಾಕಿದರೆ 11 ದಿನಕ್ಕೆ ಮೊದಲ ಹಣ್ಣು, ಆಮೇಲೆ ನಾಲ್ಕು ದಿನಕ್ಕೊಂದು ಸಲ. ಒಂದು ಕಾಲಕ್ಕೆ 28 ದಿನ ಅಷ್ಟೇ, ಹಾಗಾಗಿ ಐದು ಕೊಯ್ಲು, ಗಿಡಕ್ಕೆ ಸುಮಾರು 300 ಕಾಸು. ಪಕ್ಕದಲ್ಲೇ ಬ್ಲೂಬೆರಿ ಇದೆ. ಬೀಜಕ್ಕೆ 80, ಕೊಯ್ಲು ನಾಲ್ಕೇ, ಆದರೆ ಒಂದೊಂದು ಸಲಕ್ಕೂ ಮೂರು ಹಣ್ಣು, ಹಣ್ಣಿಗೆ 50. ಗಿಡಕ್ಕೆ 600. ಮುಗಿಯಿತು. ಈ ಎರಡು ಸಾಲು ಓದಿದವರು ಯಾರೂ ಇನ್ನು ಹೊಲದ ತುಂಬಾ ಟೊಮೇಟೊ ಹಾಕುವುದಿಲ್ಲ. ಆಮೇಲೆ ಬ್ಲೂಬೆರಿಯೂ ಉಳಿಯುವುದಿಲ್ಲ. ಪುರಾತನ ಹಣ್ಣು ಅಂತ ಒಂದಿದೆ, ಗಾಜಿನ ಮನೆಯೊಳಗೆ ವರ್ಷವಿಡೀ ಬಿಡುತ್ತದೆ, ಪೀಪಾಯಿಗೆ ಹಾಕಿ ಸುಮಾರು ಒಂದು ವಾರ ಬಿಟ್ಟರೆ ಮೂರು ಪಟ್ಟು ಬೆಲೆಯ ವೈನ್. ನೀರು ಹಾಕೋದಕ್ಕೆ ಒಂದೇ ಸಲ 24 ಚೌಕ ನೆನೆಸುವ ಸ್ಪ್ರಿಂಕ್ಲರ್ ಬರುತ್ತದೆ, ಟಪ್ ಟಪ್ ಅನ್ನೋ ಕೆಲಸ ನಿಂತುಹೋಗುತ್ತದೆ. ನೆಟ್ಟಿನಲ್ಲಿ ಜನ ಹಾಕುವ ಮೂರನೇ ವರ್ಷದ ತೋಟಗಳ ಚಿತ್ರ ನೋಡಿ. ಗುಡಿಸಲ ಒಳಗೆ, ನೆಲಮಾಳಿಗೆಯಲ್ಲಿ, ಮನೆ ಸುತ್ತ, ಎಲ್ಲಿ ನೋಡಿದರೂ ಪೀಪಾಯಿ ಸಾಲು. ಯಾವ ಜೋಜಾ ಆಫೀಸಿನಿಂದ ತಪ್ಪಿಸಿಕೊಂಡು ಬಂದೆವೋ ಅದನ್ನೇ ನಾವು ಕೈಯಾರೆ ಕಟ್ಟಿರುತ್ತೇವೆ, ಕೆಲಸದವರೂ ನಾವೇ.

ಆಟ ಹೀಗೆ ಆಡು ಅಂತ ಎಲ್ಲೂ ಹೇಳುವುದಿಲ್ಲ, ಅದು ನಿಜ. ಆದರೆ ಬೇಡ ಅನ್ನುವುದೂ ಇಲ್ಲ. ಎರಡು ವರ್ಷ ಮುಗಿದಮೇಲೆ ತಾತನ ಆತ್ಮ ಬಂದು ತೋಟ ನೋಡಿ ನಾಲ್ಕು ಮೇಣದಬತ್ತಿಯ ಲೆಕ್ಕದಲ್ಲಿ ಮಾರ್ಕ್ಸ್ ಕೊಡುತ್ತಾರೆ. ಅಪ್ರೈಸಲ್ ಅಲ್ವಾ ಇದು? ಸತ್ತವರೂ ಬಿಡಲ್ಲ.

ಊರಿನ ಜನರ ವಿಷಯಕ್ಕೆ ಬಂದರೆ ನನ್ನ ತಕರಾರು ಇನ್ನೂ ದೊಡ್ಡದು. ಮೊದಮೊದಲು ಒಬ್ಬೊಬ್ಬರೂ ಜೀವಂತ ಅನಿಸುತ್ತಾರೆ. ಊರಾಚೆ ಡೇರೆ ಹಾಕಿಕೊಂಡಿರುವ ಲೈನಸ್, ಕುಡಿತಕ್ಕೆ ಬಿದ್ದ ಶೇನ್, ಗಾಲಿಕುರ್ಚಿಯಲ್ಲಿ ಕೂತು ಗೊಣಗುವ ಜಾರ್ಜ್ ತಾತ. ಶೇನ್ ಕಥೆಯಲ್ಲಿ ಒಂದು ಮಳೆಯ ದಿನ ಬರುತ್ತದೆ, ಅದನ್ನು ಇಲ್ಲಿ ಹೇಳುವುದಿಲ್ಲ, ಆಡದವರಿಗೆ ಉಳಿದಿರಲಿ. ಅಷ್ಟು ಬೇಜಾರನ್ನು ಇಷ್ಟು ಪುಟ್ಟ ಗೊಂಬೆಗಳಲ್ಲಿ ತೋರಿಸಿದ್ದಕ್ಕೆ ಬರೋನ್ ಅವರಿಗೆ ಕೈ ಮುಗಿಯಬೇಕು. ಆದರೆ ಸ್ನೇಹ ಬೆಳೆಸುವ ದಾರಿ ಮಾತ್ರ ಉಡುಗೊರೆ. ವಾರಕ್ಕೆ ಎರಡು. ಜಾರ್ಜ್ ತಾತನಿಗೆ ಲೀಕ್ ಸೊಪ್ಪು ಅಂದರೆ ಪ್ರಾಣ, ವಸಂತ ಕಾಲದಲ್ಲಿ ದಾರಿಬದಿಯಲ್ಲೇ ಸಿಗುತ್ತದೆ, ಕಿತ್ತುಕೊಂಡು ಹೋಗಿ ಕೈಗಿಟ್ಟರೆ ಹೃದಯದ ಚಿತ್ರ ತುಂಬುತ್ತದೆ. ಹತ್ತು ಹೃದಯ ತುಂಬಿದಮೇಲೆ ಹೊಸ ಮಾತು ಮುಗಿಯಿತು. ಆಮೇಲೆ ಎದುರು ಸಿಕ್ಕಾಗೆಲ್ಲ ಹಳೇ ನಾಲ್ಕು ಮಾತನ್ನೇ ತಿರುಗಿಸಿ ಹಾಕುತ್ತಾರೆ. ಮದುವೆಯಾದವರ ಪಾಡೂ ಅಷ್ಟೇ. ಪ್ರೀತಿಸುವಾಗ ಇದ್ದ ಗುಟ್ಟು, ಜಗಳ, ಕನಸು ಎಲ್ಲಾ ಕರಗಿ, ಅಡುಗೆಮನೆಯಲ್ಲಿ ನಿಂತು ಇವತ್ತು ಹಸುವಿಗೆ ಮೇವು ಹಾಕಿದೆ ಅನ್ನುತ್ತಾರೆ. (ನಿಜ ಜೀವನದಲ್ಲೂ ಹಾಗೇ ಅಂತ ನನ್ನ ಗಂಡ. ಇರಲಿ.)

ಇನ್ನು ಗಡಿಯಾರ. ನೆಮ್ಮದಿಯ ಆಟ ಅಂತ ಹೆಸರು, ಆದರೆ ಮೂಲೆಯಲ್ಲಿ ಗಡಿಯಾರ ಓಡುತ್ತಲೇ ಇರುತ್ತದೆ. ಸ್ಟಾರ್‌ಡ್ಯೂನ ಒಂದು ದಿನ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಬೆಳಗ್ಗೆ ಆರಕ್ಕೆ ಎದ್ದು ರಾತ್ರಿ ಎರಡರೊಳಗೆ ಹಾಸಿಗೆ ಸೇರದಿದ್ದರೆ ಇದ್ದಲ್ಲೇ ಬಿದ್ದುಹೋಗುತ್ತೀರಿ, ಜೇಬಿನ ಒಂದಷ್ಟು ಕಾಸೂ ಹೋಗುತ್ತದೆ. ಕಂಪ್ಯೂಟರಿನಲ್ಲಿ ಆಡುವವರಿಗೆ ಮಲಗಿದರೆ ಮಾತ್ರ ಆಟ ಸೇವ್ ಆಗುವುದು. ಒಲೆ ಮೇಲೆ ಸಾರಿದೆ, ಕುಕ್ಕರ್ ಕೂಗುತ್ತಿದೆ, ಬಾಗಿಲಲ್ಲಿ ಕೊರಿಯರ್‌ನವರು ಬಂದಿದ್ದಾರೆ, ಆದರೂ ನಾನು ಈ ಗೊಂಬೆಯನ್ನು ಹಾಸಿಗೆ ತನಕ ಓಡಿಸಬೇಕು. ಇನ್ನೊಂದೇ ದಿನ ಅಂತ ಅರ್ಧ ರಾತ್ರಿ ಆಗಿಹೋಗುವುದಕ್ಕೂ ಇದೇ ಕಾರಣ. ಬೆಳಗಾದ ಕೂಡಲೇ ಮೊನ್ನೆ ಯಾವತ್ತೋ ಹಾಕಿದ ಯಾವುದೋ ಒಂದು ಹಣ್ಣಾಗಿರುತ್ತದೆ, ಅದನ್ನು ಕೀಳದೆ ಏಳೋದು ಹೇಗೆ?

ಅನಿಮಲ್ ಕ್ರಾಸಿಂಗ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ನಮ್ಮ ಗೋಡೆ ಗಡಿಯಾರವೇ ಆಟದ ಗಡಿಯಾರ. ಆ ಸಾಲಿನ ನ್ಯೂ ಹೊರೈಜನ್ಸ್ ಅನ್ನೋ ಆಟ ಬಂದಿದ್ದು 2020ರ ಮಾರ್ಚ್ 20ಕ್ಕೆ. ಕೆಲವೇ ದಿನದಲ್ಲಿ ನಮ್ಮಲ್ಲಿ ಲಾಕ್‌ಡೌನ್. ಹೊರಗೆ ಹೋಗೋದಕ್ಕೆ ಆಗದ ಜನ ಲೋಕದ ಎಲ್ಲಾ ಕಡೆ ಆಟದೊಳಗಿನ ದ್ವೀಪಕ್ಕೆ ಹೋಗಿ ಕೂತರು. ನಮ್ಮ ದೇಶದಲ್ಲಿ ಆಡಿದವರು ಕಡಿಮೆ. ಅದನ್ನು ಆಡೋದಕ್ಕೆ ಬೇಕಾದ ಸ್ವಿಚ್ ಕನ್ಸೋಲ್ ಸಿಗುತ್ತಿದ್ದದ್ದು ಇಂಪೋರ್ಟ್ ಮಾಲು ಇಡುವ ಅಂಗಡಿಯಲ್ಲಿ, ಇಲ್ಲವೇ ಹೊರದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ. ಅಲ್ಲಿ ಟಾಮ್ ನೂಕ್ ಅನ್ನೋ ಪ್ರಾಣಿ ನಿಮಗೆ ಮನೆ ಕಟ್ಟಿಸಿಕೊಟ್ಟು ತಲೆ ಮೇಲೆ 98,000 ಬೆಲ್ (ಅಲ್ಲಿನ ಕಾಸು) ಸಾಲ ಹೊರಿಸುತ್ತಾನೆ. ಎಲ್ಲರೂ ಅವನನ್ನು ಬಡ್ಡಿ ಸಾಹುಕಾರ ಅಂತ ಬೈಯುತ್ತಾರೆ. ಯಾಕೆ ಅಂತ ನನಗೆ ಗೊತ್ತಾಗುವುದಿಲ್ಲ. ಬಡ್ಡಿ ಇಲ್ಲ, ಕಂತಿಲ್ಲ, ಕೊನೆ ತಾರೀಖಿಲ್ಲ, ಫೋನ್ ಮಾಡಿ ಕಾಡೋದಿಲ್ಲ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದ ಇಎಂಐ ಕಟ್ಟುವವರ ಮುಂದೆ ಅವನು ದೇವರು.

ಆದರೆ ಅಂಗಡಿ ಬೆಳಗ್ಗೆ 8ಕ್ಕೆ ತೆಗೆದು ರಾತ್ರಿ 10ಕ್ಕೆ ಮುಚ್ಚುತ್ತಾರೆ, ನಿಜವಾದ ರಾತ್ರಿ 10ಕ್ಕೆ. ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ, ಮನೆಗೆ ಬಂದು, ಊಟ ಮುಗಿಸಿ, ಪಾತ್ರೆ ತೊಳೆದು ಕೂರುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಹೊರಗಿನ ಡಬ್ಬಕ್ಕೆ ಸಾಮಾನು ಹಾಕಿ ಹೋಗಬಹುದು, ಆದರೆ 80 ಪರ್ಸೆಂಟ್ ಬೆಲೆ ಮಾತ್ರ. ಕೆಲಸಕ್ಕೆ ಹೋಗುವವರಿಗೆ ದಂಡ ಅಂದ ಹಾಗಾಯಿತು. ಟರ್ನಿಪ್ ವ್ಯಾಪಾರ ಇನ್ನೊಂದು ರಗಳೆ. ಭಾನುವಾರ ಬೆಳಗ್ಗೆ, ಮಧ್ಯಾಹ್ನದೊಳಗೆ, ಗೆಡ್ಡೆ ಮಾರುವ ಹುಡುಗಿ ಬರುತ್ತಾಳೆ. 90ರಿಂದ 110 ಬೆಲ್‌ಗೆ ಕೊಳ್ಳಬೇಕು. ಸೋಮವಾರದಿಂದ ದಿನಕ್ಕೆ ಎರಡು ಸಲ ರೇಟು ಬದಲಾಗುತ್ತದೆ, ಮುಂದಿನ ಭಾನುವಾರಕ್ಕೆ ಉಳಿದದ್ದೆಲ್ಲ ಕೊಳೆಯುತ್ತದೆ. 2020ರಲ್ಲಿ ಯಾರ ದ್ವೀಪದಲ್ಲಿ ರೇಟು ಏರಿದೆ ಅಂತ ಜನ ನೆಟ್ಟಿನಲ್ಲಿ ಹುಡುಕಿ, ಗೊತ್ತಿಲ್ಲದವರ ದ್ವೀಪಕ್ಕೆ ಕ್ಯೂ ನಿಂತರು. ಎಲ್ಲರಿಗೂ ಅದೊಂದು ಮಜಾ. ನಾನು ಮಾತ್ರ ಒಂದು ಸಲ ನೋಡಿ ಆ ಕಡೆ ತಲೆ ಹಾಕಲಿಲ್ಲ. ರೇಟು ನೋಡಿ ಎದೆ ಹೊಡೆದುಕೊಳ್ಳೋದು ನನಗೆ ಹೊಸದಲ್ಲ, ಅದಕ್ಕೆ ಆಟ ಬೇರೆ ಯಾಕೆ?

ಒಂದು ಕನ್ಸೋಲಿಗೆ ಒಂದೇ ದ್ವೀಪ ಅನ್ನೋ ನಿಯಮ ಯಾರ ತಲೆಗೆ ಹೊಳೆಯಿತೋ! ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಮೊದಲು ಶುರು ಮಾಡಿದವರೇ ಊರ ಪ್ರತಿನಿಧಿ, ಎರಡನೆಯವರು ಬಾಡಿಗೆಗೆ ಬಂದವರ ಹಾಗೆ ಇರಬೇಕು. ಸೇತುವೆ ಎಲ್ಲಿ ಬೇಕು ಅನ್ನುವ ಹಕ್ಕೂ ಇಲ್ಲ. 2026ರ ಅಪ್‌ಡೇಟ್ ಬರೋ ತನಕ ಮೀನಿನ ಎರೆ ಬೇಕಾದರೆ ಒಂದೊಂದಾಗಿ ಮಾಡಬೇಕಿತ್ತು, ಪ್ರತಿ ಸಲ ಅದೇ ಸುತ್ತಿಗೆ ಸದ್ದು, ಅದೇ ಕುಣಿತ. ಕೊಡಲಿ ಮುರಿಯುತ್ತದೆ, ಬಲೆ ಹರಿಯುತ್ತದೆ. ನಿಧಾನವೇ ನೆಮ್ಮದಿ ಅಂತ ಯಾರೋ ತೀರ್ಮಾನ ಮಾಡಿದಹಾಗಿದೆ. ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ನೋಯುವುದು ನೆಮ್ಮದಿ ಅಲ್ಲ.

ಆದರೂ ಈ ಎರಡು ಆಟಗಳ ಬಗ್ಗೆ ನಾನು ಇಷ್ಟು ಸಲಿಗೆಯಿಂದ ಬೈಯುವುದು ಫಾರ್ಮ್‌ವಿಲ್ ನೆನಪಿರೋದಕ್ಕೆ. 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಬಂತಲ್ಲ, ನೆನಪಿದೆಯಾ? ಆಫೀಸು, ಸೈಬರ್ ಕೆಫೆ ಎಲ್ಲಾ ಕಡೆ ಅದೇ. ಸ್ಟ್ರಾಬೆರಿ ನಾಲ್ಕು ಗಂಟೆಗೆ ಬೆಳೆಯುತ್ತಿತ್ತು, ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಒಣಗುತ್ತಿತ್ತು. ಗೊತ್ತಿರೋ ಗೊತ್ತಿಲ್ಲದ ನೆಂಟರಿಗೆಲ್ಲ ಹಸು ಬೇಕು, ಮೊಳೆ ಬೇಕು ಅಂತ ಸಂದೇಶ ಹೋಗುತ್ತಿತ್ತು, ದುಡ್ಡು ಕೊಟ್ಟರೆ ಕೆಲಸ ಬೇಗ ಆಗುತ್ತಿತ್ತು. 2020ರ ಡಿಸೆಂಬರ್ 31ಕ್ಕೆ ಮುಚ್ಚಿದರು. ಸ್ಟಾರ್‌ಡ್ಯೂನಲ್ಲಿ ನಾನು ಆರು ತಿಂಗಳು ತಿರುಗಿ ನೋಡದಿದ್ದರೂ ಗಿಡ ಹಾಗೇ ಕಾಯುತ್ತಿರುತ್ತದೆ. ಒಂದು ಸಲ ಕೊಂಡರೆ ಮುಗಿಯಿತು, ಆಮೇಲೆ ಬಂದ ದೊಡ್ಡ ದೊಡ್ಡ ಅಪ್‌ಡೇಟುಗಳಿಗೂ, 2024ರ 1.6ಕ್ಕೂ, ಒಂದು ಪೈಸೆ ಕೇಳಲಿಲ್ಲ. ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ನನ್ನ ಈಗಿನ ತೋಟದಲ್ಲಿ ಒಂದೂ ಪೀಪಾಯಿ ಇಲ್ಲ. ಬೇಸಿಗೆಗೆ ಟೊಮೇಟೊ, ಮೆಣಸಿನಕಾಯಿ, ಜೋಳ. ಕೈಯಲ್ಲೇ ನೀರು. ಲೆಕ್ಕದ ಪ್ರಕಾರ ಮಹಾ ದಡ್ಡತನ. ದುಡ್ಡು ನಿಧಾನಕ್ಕೆ ಬರುತ್ತದೆ, ಮನೆ ಇನ್ನೂ ಒಂದೇ ಕೋಣೆ, ಮಧ್ಯಾಹ್ನದ ಹೊತ್ತಿಗೆ ಗೊಂಬೆಗೆ ಸುಸ್ತು. ತಾತ ಬಂದಾಗ ಎಷ್ಟು ಮೇಣದಬತ್ತಿ ಹಚ್ಚುತ್ತಾರೋ ಹಚ್ಚಲಿ. ಹೀಗೆ ಆಡಿದರೆ ಬೇಜಾರಾಗಲ್ವಾ ಅಂದರೆ, ಆಗುತ್ತದೆ. ಬೇಜಾರಾದಾಗ ಮುಚ್ಚಿ ಮಲಗುತ್ತೇನೆ. ಪೀಪಾಯಿ ಸಾಲಿನ ಕಾಲದಲ್ಲಿ ಬೇಜಾರಾಗುತ್ತಿರಲಿಲ್ಲ, ಹಾಗಾಗಿ ಮಲಗುತ್ತಲೂ ಇರಲಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ಎರಡೇ ಮಾತು. ಮೊದಲ ವರ್ಷ ಮುಗಿಯೋ ತನಕ ಆಟದ ಲೆಕ್ಕವೆಲ್ಲ ಬರೆದಿಟ್ಟಿರುವ ವಿಕಿ ತೆರೆಯಬೇಡಿ, ಯೂಟ್ಯೂಬಿನಲ್ಲಿ ಮೊದಲ ತಿಂಗಳಲ್ಲೇ ಲಕ್ಷ ಕಾಸು ಅನ್ನುವವರ ಹತ್ತಿರ ಸುಳಿಯಬೇಡಿ. ಮೀನು ಹಿಡಿಯೋದು ಎಲ್ಲರಿಗೂ ಶುರುವಿನಲ್ಲಿ ಜೀವ ತಿನ್ನುತ್ತದೆ, ಮೀನಿನ ಜೊತೆಜೊತೆಗೇ ಓಡಿಸಬೇಕಾದ ಆ ಹಸಿರು ಪಟ್ಟಿ ಹಿಡಿತಕ್ಕೇ ಸಿಗುವುದಿಲ್ಲ. ಮೀನುಗಾರ ವಿಲ್ಲಿಯ ಅಂಗಡಿಯಲ್ಲಿ ಕಲಿಯುವವರ ಗಾಳ 25 ಕಾಸಿಗೆ ಸಿಗುತ್ತದೆ, ಸುಮ್ನೆ ಅದನ್ನು ತಗೊಳ್ಳಿ. ಬುಧವಾರ ಬೀಜದಂಗಡಿಗೆ ಬೀಗ, ಶನಿವಾರ ಮಳೆ ಇಲ್ಲದಿದ್ದರೆ ವಿಲ್ಲಿ ಅಂಗಡಿಗೂ ಬೀಗ. ಹೋಗಿ ಬಾಗಿಲು ಬಡಿದು ಸಿಟ್ಟು ಮಾಡಿಕೊಳ್ಳಬೇಡಿ.